ವಿಂಬಲ್ಡನ್ ಪಟ್ಟಿಗೆ ಕೈ ಮುಗಿಯುವ ಮುನ್ನ

ಜುಲೈ ಬಂತೆಂದರೆ ನನ್ನ ಫೋನಿನ ಎಲ್ಲ ಗ್ರೂಪುಗಳಲ್ಲೂ ಒಂದೇ ಜಗಳ. ಫೆಡರರ್‌ಗೆ ಎಂಟು ವಿಂಬಲ್ಡನ್, ಜೊಕೊವಿಚ್‌ಗೆ ಏಳು. ಒಟ್ಟು ಲೆಕ್ಕ ಹಾಕಿದರೆ ಜೊಕೊವಿಚ್ 24, ನಡಾಲ್ 22, ಫೆಡರರ್ 20. ಹಾಗಾದ್ರೆ ದೊಡ್ಡವನು ಯಾರು? ರಾತ್ರಿ ಹನ್ನೆರಡರವರೆಗೂ ಕಿತ್ತಾಡುತ್ತಾರೆ. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ 1877ರಿಂದ ಇಲ್ಲಿಯವರೆಗಿನ ಚಾಂಪಿಯನ್ನರ ಪಟ್ಟಿಯನ್ನೇ ತಂದು ಹಾಕಿ, 'ನಂಬರ್ ಸುಳ್ಳು ಹೇಳಲ್ಲ ಗುರೂ' ಅಂತ ಷರಾ ಬರೆದು ಮಲಗುತ್ತಾನೆ.

ನನ್ನ ತಕರಾರು ಇರುವುದು ಆ ಷರಾದ ಮೇಲೆ. ನಂಬರ್ ಸುಳ್ಳು ಹೇಳುತ್ತೆ ಸ್ವಾಮಿ, ಚೆನ್ನಾಗಿಯೇ ಹೇಳುತ್ತೆ. ಆ ಪಟ್ಟಿಯಲ್ಲಿರುವ ಒಂದೊಂದು ಹೆಸರೂ ನಿಜ, ಒಂದೊಂದು ಇಸವಿಯೂ ನಿಜ. ಆದರೆ ಅದನ್ನು 'ಆಯಾ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ' ಎಂದು ಓದಿದ ತಕ್ಷಣ ಅದು ಸುಳ್ಳಾಗುತ್ತದೆ. ಮೊದಲ ತೊಂಬತ್ತು ವರ್ಷ ಅದು, ಒಳಗೆ ಬಿಡಲು ಒಪ್ಪಿದವರಲ್ಲಿ ಗೆದ್ದವರ ಪಟ್ಟಿ. ಯಾರನ್ನು ಒಳಗೆ ಬಿಡುತ್ತಿದ್ದರು? ಆಟದಿಂದ ಹೊಟ್ಟೆ ಹೊರೆಯಬೇಕಾದ ಅಗತ್ಯ ಇಲ್ಲದವರನ್ನು. ಇದ್ದರೂ ಇಲ್ಲ ಅಂತ ನಟಿಸಲು ಒಪ್ಪಿದವರನ್ನು. ಟೆನಿಸ್ ನೋಡದವರೂ ಈ ಕತೆ ತಿಳಿದಿರಬೇಕು ಅನ್ನುವುದು ನನ್ನ ವಾದ. ಯಾಕೆ ಅನ್ನುವುದನ್ನು ಕೊನೆಗೆ ಹೇಳ್ತೀನಿ.

ಮೊದಲಿನಿಂದ ನೋಡೋಣ. 1877ರ ಮೊದಲ ವಿಂಬಲ್ಡನ್‌ಗೆ ಬಂದವರು 22 ಜನ. ಪ್ರವೇಶ ಶುಲ್ಕ ಒಂದು ಗಿನಿ, ಅಂದರೆ 21 ಶಿಲಿಂಗ್. ಆ ಕಾಲದ ಇಂಗ್ಲೆಂಡಿನ ಒಬ್ಬ ಹೊಲದ ಕೂಲಿಯವನ ವಾರದ ಸಂಬಳಕ್ಕಿಂತ ಜಾಸ್ತಿ. ಗೆದ್ದವನು ಸ್ಪೆನ್ಸರ್ ಗೋರ್. ಮರುವರ್ಷ ಅವನನ್ನು ಸೋಲಿಸಿದವನು ಫ್ರಾಂಕ್ ಹ್ಯಾಡೋ. ಈ ಹ್ಯಾಡೋ ಸಿಲೋನಿನಲ್ಲಿ ಕಾಫಿ ತೋಟ ಇಟ್ಟಿದ್ದ ಪ್ಲಾಂಟರ್. ರಜೆಗೆಂದು ಊರಿಗೆ ಬಂದಿದ್ದ, ಟೂರ್ನಿ ಆಡಿದ, ನೆಟ್ ಹತ್ತಿರ ನಿಲ್ಲುತ್ತಿದ್ದ ಗೋರ್‌ನ ತಲೆಯ ಮೇಲಿಂದ ಚೆಂಡು ಎತ್ತಿ ಎತ್ತಿ ಹಾಕಿ ಗೆದ್ದ, ಮತ್ತೆ ತೋಟಕ್ಕೆ ಹೋದ. ಮರುವರ್ಷ ಪಟ್ಟ ಉಳಿಸಿಕೊಳ್ಳಲು ಬರಲೂ ಇಲ್ಲ. ನಂತರ ಗೆದ್ದವನು ಜಾನ್ ಹಾರ್ಟ್ಲಿ ಎಂಬ ಪಾದ್ರಿ. ಟೂರ್ನಿಯ ನಡುವೆ ಭಾನುವಾರದ ಪ್ರಾರ್ಥನೆ ನಡೆಸಲು ಯಾರ್ಕ್‌ಷೈರಿನ ತನ್ನ ಚರ್ಚಿಗೆ ಹೋಗಿ ವಾಪಸ್ ಬಂದು ಆಡಿದವನು. ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ಇದು ಒಂದು ವರ್ಗದ ಜನ ಬೇಸಿಗೆಯ ಮಧ್ಯಾಹ್ನ ಕಳೆಯುತ್ತಿದ್ದ ರೀತಿ. 'ವಿಶ್ವದ ಶ್ರೇಷ್ಠ' ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ.

ಇನ್ನೊಂದು ವಿಷಯ. 1921ರವರೆಗೂ ಹಿಂದಿನ ವರ್ಷದ ಚಾಂಪಿಯನ್ ಟೂರ್ನಿ ಆಡಬೇಕಾಗಿಯೇ ಇರಲಿಲ್ಲ. ಉಳಿದವರೆಲ್ಲ ಸುತ್ತಿನ ಮೇಲೆ ಸುತ್ತು ಬಡಿದಾಡಿ ಒಬ್ಬನನ್ನು ಆರಿಸಿ ಕಳಿಸಬೇಕು. ಚಾಂಪಿಯನ್ ಸಾಹೇಬರು ಕೊನೆಯ ದಿನ ಬಂದು ಆ ಸುಸ್ತಾದವನ ಜೊತೆ ಒಂದು ಪಂದ್ಯ ಆಡಿದರೆ ಸಾಕು. ಇದಕ್ಕೆ ಚಾಲೆಂಜ್ ರೌಂಡ್ ಅಂತ ಹೆಸರು. ವಿಲಿಯಂ ರೆನ್‌ಷಾ ಹೆಸರಿನ ಮುಂದೆ ಏಳು ಪ್ರಶಸ್ತಿಗಳಿವೆ, ಸಾಂಪ್ರಾಸ್ ಮತ್ತು ಜೊಕೊವಿಚ್‌ಗೆ ಇರುವಷ್ಟೇ. ಆದರೆ 1882ರಿಂದ 1886ರವರೆಗಿನ ಐದು ಪ್ರಶಸ್ತಿಗಳಿಗೆ ಅವನು ಆಡಿದ್ದು ಒಟ್ಟು ಐದೇ ಪಂದ್ಯ. ಅದರಲ್ಲಿ ಎರಡು ಸ್ವಂತ ಅವಳಿ ತಮ್ಮನ ವಿರುದ್ಧ! ಫೆಡರರ್ ಒಂದೊಂದು ಸಲವೂ ಏಳು ಸುತ್ತು ದಾಟಬೇಕಿತ್ತು. ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಒಂದು ಸಾಲು, ಒಂದೇ ಅಕ್ಷರದ ಅಳತೆ.

ಇದೆಲ್ಲ ಹಳೇ ಕಾಲದ ತಮಾಷೆ, ಬಿಡಿ ಅನ್ನಬಹುದು. ಬಿಡ್ತೀನಿ. ಬಿಡಲಾಗದ್ದು ಮುಂದೆ ಬರುತ್ತದೆ.

*

ಕನ್ನಡದಲ್ಲಿ ನಮಗೆ 'ಹವ್ಯಾಸಿ' ಮತ್ತು 'ವೃತ್ತಿ' ಅನ್ನುವ ಎರಡು ಪದ ಚೆನ್ನಾಗಿ ಗೊತ್ತು, ರಂಗಭೂಮಿಯ ದೆಸೆಯಿಂದ. ಕಂಪನಿ ನಾಟಕದವರು ದುಡ್ಡಿಗೆ ಆಡುವವರು, ಊರೂರಿಗೆ ಕ್ಯಾಂಪ್ ಹಾಕುವವರು. ಹವ್ಯಾಸಿಗಳು ಕಲೆಗಾಗಿ ಆಡುವವರು, ಸಂಜೆ ಬ್ಯಾಂಕಿನಿಂದಲೋ ಕಾಲೇಜಿನಿಂದಲೋ ಬಂದು ರಿಹರ್ಸಲ್ ಮಾಡುವವರು. ಈ ಮಾತಿನ ಹಿಂದೆ ಎಷ್ಟು ಸಣ್ಣ ತಿರಸ್ಕಾರ ಅಡಗಿದೆ ಅನ್ನುವುದು ಕಂಪನಿ ನಾಟಕದ ಕಲಾವಿದರನ್ನು ಕೇಳಿದರೆ ತಿಳಿಯುತ್ತದೆ. ಆದರೆ ನಮ್ಮಲ್ಲಿ ಕಂಪನಿಯವರು ನಾಟಕ ಆಡಬಾರದು ಅಂತ ಯಾರೂ ಕಾನೂನು ಮಾಡಲಿಲ್ಲ. ಟೆನಿಸ್‌ನಲ್ಲಿ ಮಾಡಿದರು.

ನಿಯಮ ಸರಳ. ಟೆನಿಸ್ ಆಡಿ ದುಡ್ಡು ತೆಗೆದುಕೊಂಡವನು, ಟೆನಿಸ್ ಹೇಳಿಕೊಟ್ಟು ಸಂಬಳ ಪಡೆದವನು ವೃತ್ತಿಪರ. ಅವನಿಗೆ ವಿಂಬಲ್ಡನ್‌ನಲ್ಲಿ, ಅಮೆರಿಕದ, ಫ್ರಾನ್ಸಿನ, ಆಸ್ಟ್ರೇಲಿಯಾದ ಚಾಂಪಿಯನ್‌ಷಿಪ್‌ಗಳಲ್ಲಿ ಪ್ರವೇಶ ಇಲ್ಲ.

ಡ್ಯಾನ್ ಮಾಸ್ಕೆಲ್ ಅಂತ ಒಬ್ಬರಿದ್ದರು. ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುವ ಹುಡುಗನಾಗಿ ಸೇರಿದವರು. ನೋಡಿ ನೋಡಿ ಕಲಿತು, ಬ್ರಿಟನ್ನಿನ ವೃತ್ತಿಪರರಲ್ಲಿ ಹಲವು ಬಾರಿ ಚಾಂಪಿಯನ್ ಆದರು. 1929ರಲ್ಲಿ ವಿಂಬಲ್ಡನ್ ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ಬೇ ಅವರನ್ನು ತನ್ನ ಮೊದಲ ತರಬೇತುದಾರನಾಗಿ ನೇಮಿಸಿಕೊಂಡಿತು. 1933ರಿಂದ 1936ರವರೆಗೆ ಸತತ ನಾಲ್ಕು ಸಲ ಡೇವಿಸ್ ಕಪ್ ಗೆದ್ದ ಬ್ರಿಟನ್ ತಂಡವನ್ನು ತಯಾರು ಮಾಡಿದವರು ಇದೇ ಮಾಸ್ಕೆಲ್. ಆ ಹುಲ್ಲಿನ ಮೇಲೆ ದಿನಾ ಬೆಳಿಗ್ಗೆ ಚಾಂಪಿಯನ್ನರಿಗೆ ಚೆಂಡು ಹೊಡೆದು ಅಭ್ಯಾಸ ಮಾಡಿಸುವ ಮನುಷ್ಯ, ಜುಲೈ ಬಂದಾಗ ಅದೇ ಹುಲ್ಲಿನ ಮೇಲೆ ಸ್ಪರ್ಧಿಯಾಗಿ ಕಾಲಿಡುವಂತಿಲ್ಲ. ಯಾಕೆ? ಆತ ಸಂಬಳ ತಗೋತಾನೆ! ಅಡುಗೆಭಟ್ಟರೇ, ಅಡುಗೆ ಅದ್ಭುತವಾಗಿದೆ, ಆದರೆ ಪಂಕ್ತಿಯಲ್ಲಿ ಮಾತ್ರ ಕೂರಬೇಡಿ ಅಂದ ಹಾಗೆ.

ಮಾಸ್ಕೆಲ್ ತಯಾರು ಮಾಡಿದ ಆ ತಂಡದ ದೊಡ್ಡ ಹೆಸರು ಫ್ರೆಡ್ ಪೆರ್ರಿ. ಇವನ ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದು, ಮುಂದೆ ಸಂಸತ್ತಿಗೆ ಆರಿಸಿ ಬಂದವರು. ಹುಡುಗ ಮೊದಲು ಟೇಬಲ್ ಟೆನಿಸ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ 1934, 35, 36, ಮೂರು ವರ್ಷ ಸತತವಾಗಿ ವಿಂಬಲ್ಡನ್ ಗೆದ್ದ. ಮೊದಲ ಸಲ ಗೆದ್ದ ದಿನ ಕ್ಲಬ್ಬಿನ ಪದಾಧಿಕಾರಿಯೊಬ್ಬರು, ಸೋತ ಕ್ರಾಫರ್ಡ್‌ನ ಬಳಿ ಹೋಗಿ, ಇವತ್ತು ಗೆದ್ದವನು ನಿಜವಾಗಿ ಯೋಗ್ಯನಲ್ಲ ಎಂಬರ್ಥದ ಮಾತಾಡಿದ್ದನ್ನು ತಾನು ಸ್ನಾನದ ಕೋಣೆಯಲ್ಲಿದ್ದಾಗ ಕೇಳಿಸಿಕೊಂಡೆ ಎಂದು ಪೆರ್ರಿ ಮುಂದೆ ಹೇಳಿಕೊಂಡಿದ್ದಾನೆ. ಚಾಂಪಿಯನ್‌ಗೆ ಕೊಡುವ ಕ್ಲಬ್ಬಿನ ಟೈಯನ್ನು ಕುರ್ಚಿಯ ಮೇಲೆ ಎಸೆದು ಹೋಗಿದ್ದರಂತೆ. 1936ರ ಕೊನೆಗೆ ಪೆರ್ರಿ ದುಡ್ಡಿಗಾಗಿ ಆಡುತ್ತೇನೆ ಎಂದ. ಕ್ಲಬ್ಬು ಅವನ ಗೌರವ ಸದಸ್ಯತ್ವವನ್ನು ಕಿತ್ತುಕೊಂಡಿತು.

ಈಗ ಇದರ ಮಜಾ ನೋಡಿ. ಮುಂದಿನ 77 ವರ್ಷ ಬ್ರಿಟನ್ನಿನ ಒಬ್ಬ ಗಂಡಸೂ ಅಲ್ಲಿ ಸಿಂಗಲ್ಸ್ ಗೆಲ್ಲಲಿಲ್ಲ. 2013ರಲ್ಲಿ ಆಂಡಿ ಮರ್ರಿ ಗೆಲ್ಲುವವರೆಗೂ ಇಡೀ ದೇಶ ಪ್ರತಿ ಜುಲೈ 'ಪೆರ್ರಿಯ ನಂತರ ಯಾರೂ ಇಲ್ಲವಲ್ಲಾ' ಅಂತ ಹಲುಬಿತು. 1984ರಲ್ಲಿ ಅದೇ ಕ್ಲಬ್ಬು ತನ್ನ ಅಂಗಳದಲ್ಲಿ ಅವನ ಪ್ರತಿಮೆ ನಿಲ್ಲಿಸಿತು. 27ನೇ ವಯಸ್ಸಿನಲ್ಲಿ, ಗೆಲ್ಲುತ್ತಿದ್ದ ಹೊತ್ತಿನಲ್ಲೇ ಬಾಗಿಲು ಹಾಕಿದ್ದೂ ಅವರೇ, ಐವತ್ತು ವರ್ಷದ ಮೇಲೆ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದೂ ಅವರೇ. ಇದ್ದಾಗ ಅನ್ನ ಹಾಕದೆ ಸತ್ತ ಮೇಲೆ ಪಿಂಡ ಇಡುವವರ ಬಗ್ಗೆ ನಮ್ಮ ಹಿರಿಯರು ಆಡುವ ಮಾತು ನೆನಪಾಗುತ್ತದೆ. ಪೆರ್ರಿ ಆಗಿನ್ನೂ ಬದುಕಿದ್ದ ಅನ್ನುವುದೊಂದೇ ವ್ಯತ್ಯಾಸ.

*

ಎರಡನೇ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ವರ್ಷಗಳೇ ನನ್ನ ಮುಖ್ಯ ಸಾಕ್ಷಿ. ಇಲ್ಲಿಂದ ಆ ಪಟ್ಟಿ ಒಂದು ಸೋರುವ ಕೊಡ. ಮೇಲಿಂದ ಎಷ್ಟು ತುಂಬಿದರೂ ಕೆಳಗಿನಿಂದ ಒಳ್ಳೆಯವರೆಲ್ಲ ಹೊರಗೆ.

1947ರಲ್ಲಿ ಜ್ಯಾಕ್ ಕ್ರೇಮರ್ ಗೆದ್ದ, ವೃತ್ತಿಪರನಾದ, ಮರುವರ್ಷ ಇಲ್ಲ. 1952ರಲ್ಲಿ ಫ್ರಾಂಕ್ ಸೆಜ್ಮನ್ ಗೆದ್ದ, ಮರುವರ್ಷ ಇಲ್ಲ. 1955ರಲ್ಲಿ ಟೋನಿ ಟ್ರಾಬರ್ಟ್ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಗೆದ್ದ, ಮರುವರ್ಷ ಇಲ್ಲ. 1956 ಮತ್ತು 57ರಲ್ಲಿ ಲ್ಯೂ ಹೋಡ್, 58ರಲ್ಲಿ ಆ್ಯಷ್ಲಿ ಕೂಪರ್, 59ರಲ್ಲಿ ಅಲೆಕ್ಸ್ ಓಲ್ಮೆಡೊ. 1955ರಿಂದ 59ರವರೆಗೆ ಐದು ವರ್ಷಗಳಲ್ಲಿ ಗೆದ್ದ ನಾಲ್ವರೂ ದುಡ್ಡಿನ ಕಡೆ ಹೋದರು, ನಾಲ್ವರಿಗೂ ಬಾಗಿಲು ಮುಚ್ಚಿತು.

ಇದರಿಂದ ಏನಾಯ್ತು ಅಂತ ಒಂದೇ ಸರಪಳಿ ಹಿಡಿದು ನೋಡಿ. 1957ರ ಫೈನಲ್‌ನಲ್ಲಿ ಹೋಡ್ ಕೂಪರನನ್ನು 6-2, 6-1, 6-2ರಿಂದ ಹೊಸಕಿಹಾಕಿದ. ಅದು ಪಂದ್ಯ ಅನ್ನುವುದಕ್ಕಿಂತ ಪಾಠ. ಹೋಡ್ ಹೋದ, 1958ರ ಚಾಂಪಿಯನ್ ಕೂಪರ್. ಕೂಪರ್ ಹೋದ, 1959ರ ಚಾಂಪಿಯನ್ ಓಲ್ಮೆಡೊ. ಅವನೂ ಹೋದ, 1960ಕ್ಕೆ, ಕೂಪರನ ಕೈಯಲ್ಲಿ 1958ರ ಫೈನಲ್ ಸೋತಿದ್ದ ನೀಲ್ ಫ್ರೇಸರ್. ಮೊದಲ ರ‍್ಯಾಂಕಿನವನನ್ನು ಶಾಲೆಯಿಂದ ಹೊರಗೆ ಹಾಕಿದರೆ ಎರಡನೆಯವನಿಗೆ ಮೊದಲ ರ‍್ಯಾಂಕು. ಅವನನ್ನೂ ಹಾಕಿದರೆ ಮೂರನೆಯವನಿಗೆ. ಇದರಲ್ಲಿ ಎರಡನೆಯವನ ತಪ್ಪೇನೂ ಇಲ್ಲ, ಮೂರನೆಯವನದ್ದೂ ಇಲ್ಲ. ಆದರೆ ಮಾರ್ಕ್ಸ್ ಕಾರ್ಡ್ ನೋಡಿ ಮೂವರೂ ಸಮ ಅಂದರೆ ನಂಬೋದು ಹೇಗೆ?

ಆ ಕಾಲದಲ್ಲಿ ಹೊರಗಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವನು ಪಾಂಚೊ ಗೊನ್ಸಾಲೆಸ್. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ವಲಸಿಗರ ಮಗ. ಕೋಚ್ ಇಲ್ಲ, ಕ್ಲಬ್ ಇಲ್ಲ, ನೋಡಿ ಕಲಿತದ್ದು. 1948 ಮತ್ತು 49ರಲ್ಲಿ ಅಮೆರಿಕದ ಚಾಂಪಿಯನ್. 21ನೇ ವಯಸ್ಸಿಗೆ ವೃತ್ತಿಪರನಾದ. 1950ರಿಂದ 1967ರವರೆಗೆ ಹದಿನೆಂಟು ವಿಂಬಲ್ಡನ್‌ಗಳು ಅವನಿಲ್ಲದೆ ನಡೆದವು. ಐವತ್ತರ ದಶಕದಲ್ಲಿ ವೃತ್ತಿಪರರ ನಡುವೆ ಅವನದೇ ರಾಜ್ಯಭಾರ. ಟ್ರಾಬರ್ಟ್, ರೋಸ್‌ವಾಲ್, ಹೋಡ್ ಎಂದು ಒಬ್ಬೊಬ್ಬರೇ ಹೊಸದಾಗಿ ಬಂದವರೆಲ್ಲ ಅವನ ಎದುರಿನ ಸರಣಿ ಸೋತರು. ವಿಂಬಲ್ಡನ್ ಬಾಗಿಲು ತೆರೆದಾಗ ಅವನಿಗೆ ನಲವತ್ತು. 1969ರಲ್ಲಿ, 41ನೇ ವಯಸ್ಸಿನಲ್ಲಿ, ಚಾರ್ಲಿ ಪಸರೆಲ್ ಎದುರು ಎರಡು ದಿನ ಆಡಿ 22-24, 1-6, 16-14, 6-3, 11-9ರಿಂದ ಗೆದ್ದ. ಒಟ್ಟು 112 ಗೇಮ್! ನಲವತ್ತೊಂದರಲ್ಲಿ ಇಷ್ಟು ಉಳಿದಿದ್ದರೆ ಇಪ್ಪತ್ತೈದರಲ್ಲಿ ಎಷ್ಟಿತ್ತು ಅನ್ನುವುದನ್ನು ನೀವೇ ಲೆಕ್ಕ ಹಾಕಿ. ವಿಂಬಲ್ಡನ್ ಸಿಂಗಲ್ಸ್ ಪಟ್ಟಿಯಲ್ಲಿ ಅವನ ಹೆಸರು ಎಲ್ಲಿದೆ? ಎಲ್ಲೂ ಇಲ್ಲ.

ಕೆನ್ ರೋಸ್‌ವಾಲ್ ಕತೆ ಇನ್ನೂ ಸಂಕಟದ್ದು. 19ನೇ ವಯಸ್ಸಿನಲ್ಲಿ, 1954ರಲ್ಲಿ, ಫೈನಲ್ ಸೋತ. 21ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. ವೃತ್ತಿಪರನಾದ. 22ರಿಂದ 32ರವರೆಗೆ, ಮನುಷ್ಯನ ಮೈ ಮಾತು ಕೇಳುವ ವಯಸ್ಸು ಅಂತೀವಲ್ಲ, ಆ ಇಡೀ ಅವಧಿ, ಹನ್ನೊಂದು ವಿಂಬಲ್ಡನ್ ಹೊರಗಿದ್ದ. ಬಾಗಿಲು ತೆರೆದ ಮೇಲೆ 35ನೇ ವಯಸ್ಸಿಗೆ ಫೈನಲ್, 39ಕ್ಕೆ ಮತ್ತೊಂದು ಫೈನಲ್. ಹದಿಹರೆಯದಲ್ಲೂ ಫೈನಲ್, ನಲವತ್ತರ ಅಂಚಿನಲ್ಲೂ ಫೈನಲ್, ನಡುವೆ ಖಾಲಿ. 'ಅಯ್ಯೋ, ಪಾಪ, ವಿಂಬಲ್ಡನ್ ಗೆಲ್ಲಲಾಗದವನು' ಅಂತ ಟಿವಿ ಕಾಮೆಂಟರಿಯವರು ಅನುಕಂಪದಿಂದ ಹೇಳುವುದನ್ನು ಕೇಳಿದ್ದೇನೆ. ಗೆಲ್ಲಲಾಗಲಿಲ್ಲ ಅಲ್ಲ ಸಾರ್, ಹನ್ನೊಂದು ವರ್ಷ ಆಡಲು ಬಿಡಲಿಲ್ಲ. ಎರಡೂ ಒಂದೇನಾ?

ಇನ್ನೂ ಅನುಮಾನ ಇದ್ದವರಿಗೆ ರಾಡ್ ಲೇವರ್. 1962ರಲ್ಲಿ ನಾಲ್ಕೂ ದೊಡ್ಡ ಟೂರ್ನಿ ಒಂದೇ ವರ್ಷದಲ್ಲಿ ಗೆದ್ದ. ಪಟ್ಟಿಯ ಪ್ರಕಾರ ಭೂಮಿಯ ಮೇಲೆ ಅವನನ್ನು ಮೀರಿಸುವವರಿಲ್ಲ. 1963ರ ಜನವರಿಯಲ್ಲಿ ವೃತ್ತಿಪರರ ಜೊತೆ ಆಡಲು ಹೋದ. ಹೋಡ್ ಎದುರು ಆಡಿದ ಎಂಟಕ್ಕೆ ಎಂಟೂ ಸೋತ. ರೋಸ್‌ವಾಲ್ ಎದುರಿನ ಹದಿಮೂರರಲ್ಲಿ ಹನ್ನೊಂದು ಸೋತ. ಪಟ್ಟಿ ಯಾರನ್ನು ಜಗತ್ತಿನ ಚಕ್ರವರ್ತಿ ಅಂದಿತ್ತೋ ಅವನು, ಪಟ್ಟಿಗೆ ಕಾಣದ ಇಬ್ಬರ ಕೈಯಲ್ಲಿ ವಾರಗಟ್ಟಲೆ ಒದೆ ತಿಂದ. ಕಲಿತ, ಒಂದೆರಡು ವರ್ಷದಲ್ಲಿ ಅವರನ್ನೂ ಮೀರಿದ. ಆದರೆ 24ರಿಂದ 28ರ ವಯಸ್ಸಿನ ಐದು ವಿಂಬಲ್ಡನ್ ಅವನಿಗೂ ಇಲ್ಲ. 1961, 62ರಲ್ಲಿ ಗೆದ್ದವನು, 1968, 69ರಲ್ಲಿ ಗೆದ್ದವನು, ನಡುವೆ ಆಟ ಮರೆತಿದ್ದನೇ?

ಆ ಐದು ವರ್ಷದಲ್ಲಿ, 1963ರಿಂದ 67ರವರೆಗೆ, ರಾಯ್ ಎಮರ್ಸನ್ ತನ್ನ ಒಟ್ಟು 12 ದೊಡ್ಡ ಪ್ರಶಸ್ತಿಗಳಲ್ಲಿ ಹತ್ತನ್ನು ಗೆದ್ದ. ಎಮರ್ಸನ್ ಸಾಮಾನ್ಯನಲ್ಲ, ಒಪ್ಪೋಣ. 1961ರ ಎರಡು ಫೈನಲ್‌ಗಳಲ್ಲಿ ಲೇವರನನ್ನೇ ಸೋಲಿಸಿದ್ದ. ಆದರೆ ಲೇವರ್, ರೋಸ್‌ವಾಲ್, ಹೋಡ್, ಗೊನ್ಸಾಲೆಸ್ ನಾಲ್ವರೂ ಹೊರಗಿದ್ದ ಕಾಲದ ಆ 12, ಸಾಂಪ್ರಾಸ್ 2000ದ ವಿಂಬಲ್ಡನ್‌ನಲ್ಲಿ ಹದಿಮೂರನೆಯದನ್ನು ಗೆಲ್ಲುವವರೆಗೂ 'ಸಾರ್ವಕಾಲಿಕ ದಾಖಲೆ' ಅನ್ನಿಸಿಕೊಂಡಿತು. ನಾವು ಇವತ್ತು 24, 22, 20 ಅಂತ ಕಿತ್ತಾಡುತ್ತೇವಲ್ಲ, ಆ ಎಣಿಕೆಯ ಅಡಿಪಾಯದಲ್ಲಿರುವ ಕಲ್ಲು ಇದು.

*

ಈ ವೃತ್ತಿಪರರು ಅಷ್ಟೊತ್ತಿಗೆ ಏನು ಮಾಡುತ್ತಿದ್ದರು? ಥೇಟ್ ಕಂಪನಿ ನಾಟಕ. ಇವತ್ತು ಒಂದೂರು, ನಾಳೆ ಇನ್ನೊಂದು. ಐಸ್ ಹಾಕಿ ಆಡುವ ಅಂಗಳದ ಮೇಲೆ ಮರದ ಹಲಗೆ ಜೋಡಿಸಿ ಕ್ಯಾನ್ವಾಸ್ ಹಾಸಿ ಆಟ. ಆಟ ಮುಗಿದರೆ ಕ್ಯಾನ್ವಾಸ್ ಸುತ್ತಿಕೊಂಡು ಮುಂದಿನ ಊರಿಗೆ. ಜಗತ್ತಿನ ಅತ್ಯುತ್ತಮ ಟೆನಿಸ್ ನಡೆಯುತ್ತಿದ್ದದ್ದು ಅಲ್ಲಿ. ಜಗತ್ತಿನ ಅತ್ಯುತ್ತಮ ಹುಲ್ಲು, ಬೆಳ್ಳಿ ಕಪ್ಪು, ರಾಜಮನೆತನದ ಚಪ್ಪಾಳೆ ಇದ್ದದ್ದು ಇನ್ನೊಂದು ಕಡೆ.

ಹಾಗಾದರೆ ಒಳಗಿದ್ದ 'ಹವ್ಯಾಸಿ'ಗಳು ಗಾಳಿ ಕುಡಿದು ಬದುಕುತ್ತಿದ್ದರೇ? ಅದೂ ಇಲ್ಲ. ಪ್ರಯಾಣ ಭತ್ಯೆ, ಊಟದ ಖರ್ಚು, ಕ್ರೀಡಾ ಸಾಮಗ್ರಿ ಕಂಪನಿಯಲ್ಲಿ ಹೆಸರಿಗೊಂದು ನೌಕರಿ, ಹೀಗೆ ಮೇಜಿನ ಕೆಳಗಿನಿಂದ ದುಡ್ಡು ಹರಿಯುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ರಸೀದಿ ಇಲ್ಲದೆ ತಗೊಂಡರೆ ನೀನು ಸಂಭಾವಿತ. ರಸೀದಿ ಕೊಟ್ಟು ತಗೊಂಡರೆ ನೀನು ಪಂಕ್ತಿಬಾಹಿರ. 1960ರಲ್ಲಿ ಈ ಬೂಟಾಟಿಕೆ ಕೈಬಿಡೋಣ ಎಂಬ ಪ್ರಸ್ತಾಪ ಅಂತಾರಾಷ್ಟ್ರೀಯ ಒಕ್ಕೂಟದ ಸಭೆಗೆ ಬಂತು. ಐದು ಮತ ಸಾಲದೆ ಬಿದ್ದುಹೋಯಿತು. ಆ ಐದು ಮತಕ್ಕೆ ತೆತ್ತ ಬೆಲೆ ಇನ್ನೂ ಎಂಟು ವರ್ಷ.

ಅದೇ 1960ರಲ್ಲಿ, ಮತ್ತೆ 61ರಲ್ಲಿ, ನಮ್ಮ ರಾಮನಾಥನ್ ಕೃಷ್ಣನ್ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದರು. 61ರಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಎಮರ್ಸನ್‌ನನ್ನು ನೇರ ಸೆಟ್‌ಗಳಲ್ಲಿ ಕೆಡವಿದ್ದರು. ಎರಡೂ ಸಲ ಅವರನ್ನು ಸೋಲಿಸಿದವರೇ, ಫ್ರೇಸರ್ ಮತ್ತು ಲೇವರ್, ಆ ವರ್ಷದ ಚಾಂಪಿಯನ್. ವೃತ್ತಿಪರ ತಂಡ ಕಟ್ಟುತ್ತಿದ್ದ ಕ್ರೇಮರ್ ಕರೆದಾಗ ಕೃಷ್ಣನ್ ಒಲ್ಲೆ ಅಂದರು. ಹೋಗಿದ್ದರೆ ಡೇವಿಸ್ ಕಪ್ಪಿನಲ್ಲಿ ಭಾರತದ ಪರ ಆಡುವಂತಿರಲಿಲ್ಲ. ದೇಶ ಬೇಕೋ ಸಂಪಾದನೆ ಬೇಕೋ ಎಂದು ಒಬ್ಬ ಆಟಗಾರನನ್ನು ಕೇಳುವ ನಿಯಮ ಅದೆಂಥ ನಿಯಮ? ಈಗ ಯೋಚನೆ ಮಾಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಟದಿಂದಲೇ ಸಂಪಾದಿಸಿ, ಆಟಕ್ಕೇ ಹಾಕಿ, ಇಪ್ಪತ್ತು ವರ್ಷ ಎಳೆದ ಮೇಲೆ ಬಂದ ಫಲ ಅದು. ಹಳೇ ನಿಯಮದಲ್ಲಿ ಅವರು ದೇಶದ ಪರ ಆಡಿಕೊಂಡು ಅಷ್ಟು ದೀರ್ಘ ಕಾಲ ಆಟದಿಂದಲೇ ಬದುಕುವುದು ಸಾಧ್ಯವೇ ಇರಲಿಲ್ಲ.

*

ಇಷ್ಟು ಹೇಳಿದರೆ ಮೂರು ಉತ್ತರ ಬರುತ್ತವೆ. ಮೂರೂ ನನಗೆ ಬಾಯಿಪಾಠ.

ಒಂದು: 'ವೃತ್ತಿಪರ ಆಗಿದ್ದು ಅವರ ಆಯ್ಕೆ ತಾನೇ? ದುಡ್ಡು ಬೇಕು ಅಂದ್ರು, ಹೋದ್ರು.' ಹೌದು, ಆಯ್ಕೆಯೇ. ಆದರೆ ಅಪ್ಪನ ಜಮೀನು, ತೋಟ, ಷೇರು ಇದ್ದವನಿಗೆ ಆ ಆಯ್ಕೆಯ ಪ್ರಶ್ನೆ ಬರುವುದೇ ಇಲ್ಲ. ರೋಸ್‌ವಾಲ್ ಕಿರಾಣಿ ಅಂಗಡಿಯವರ ಮಗ. ಹಸಿದವನಿಗೆ ಮಾತ್ರ ಕೇಳುವ ಪ್ರಶ್ನೆಯನ್ನು ಆಯ್ಕೆ ಅನ್ನಬಾರದು.

ಎರಡು: 'ಆ ಕಾಲವನ್ನು ಈ ಕಾಲದ ಅಳತೆಯಲ್ಲಿ ಅಳೆಯಬೇಡಿ.' ಅಳೆಯುತ್ತಿಲ್ಲ. ಆ ಕಾಲದವರೇ ಇದು ಮೋಸ ಅಂತ ಹೇಳುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಕೊನೆಗೆ ಈ ಗೋಡೆ ಒಡೆದದ್ದೂ ವಿಂಬಲ್ಡನ್‌ನವರೇ. 1967ರ ಆಗಸ್ಟ್‌ನಲ್ಲಿ ಎಂಟು ವೃತ್ತಿಪರರನ್ನು ಕರೆದು ಸೆಂಟರ್ ಕೋರ್ಟಿನಲ್ಲೇ ಆಡಿಸಿದರು. ಲೇವರ್ ಫೈನಲ್‌ನಲ್ಲಿ ರೋಸ್‌ವಾಲ್‌ನನ್ನು ಸೋಲಿಸಿದ. ಅಂತಾರಾಷ್ಟ್ರೀಯ ಒಕ್ಕೂಟ ಬೆದರಿಸಿದರೂ ಬಗ್ಗದೆ ಬ್ರಿಟಿಷರು ಅದೇ ಡಿಸೆಂಬರಿನಲ್ಲಿ ಹವ್ಯಾಸಿ-ವೃತ್ತಿಪರ ಭೇದ ತೆಗೆದರು. 1968ರಲ್ಲಿ ಬಾಗಿಲು ತೆರೆಯಿತು. ಲೇವರ್ ಗೆದ್ದ, 2,000 ಪೌಂಡ್ ಬಹುಮಾನ. ಆ ಧೈರ್ಯಕ್ಕೆ ನನ್ನದೂ ಒಂದು ಸಲಾಂ. ಆದರೆ ತಪ್ಪು ಎಂದು ತಿಳಿದೇ ತಿದ್ದಿದ ಮೇಲೆ, ತಿದ್ದುವ ಮುಂಚಿನ ಮಾರ್ಕ್ಸ್ ಕಾರ್ಡನ್ನು ಹಾಗೇ ಚೌಕಟ್ಟು ಹಾಕಿ ನೇತುಹಾಕುವುದು ಯಾಕೆ?

ಮೂರು: 'ಸರಿ, 1968ರಿಂದ ಎಣಿಸೋಣ, ಮುಗೀತಲ್ಲ.' ಮುಗಿಯಲಿಲ್ಲ. 1972ರಲ್ಲಿ, ಖಾಸಗಿ ಸಂಸ್ಥೆಯೊಂದರ ಒಪ್ಪಂದದಲ್ಲಿದ್ದ ಆಟಗಾರರಿಗೆ ಒಕ್ಕೂಟ ನಿಷೇಧ ಹಾಕಿತು. 1970, 71ರ ಚಾಂಪಿಯನ್ ಜಾನ್ ನ್ಯೂಕೂಂಬ್ ಮನೆಯಲ್ಲಿ ಕೂರಬೇಕಾಯಿತು. 1973ರಲ್ಲಿ ಯುಗೊಸ್ಲಾವಿಯಾದ ನಿಕಿ ಪಿಲಿಚ್‌ನನ್ನು ಅಮಾನತು ಮಾಡಿದ್ದಕ್ಕೆ 81 ಆಟಗಾರರು ವಿಂಬಲ್ಡನ್ ಬಹಿಷ್ಕರಿಸಿದರು. ಯಾನ್ ಕೋಡೆಶ್ ಗೆದ್ದ. ಕ್ವಾರ್ಟರ್ ಫೈನಲ್‌ನಲ್ಲಿ ಅವನಿಗೆ ಐದನೇ ಸೆಟ್ಟಿನಲ್ಲಿ 7-5ರವರೆಗೂ ಬೆವರಿಳಿಸಿದವರು ನಮ್ಮ ವಿಜಯ್ ಅಮೃತರಾಜ್. ತೀರಾ ಈಚೆಗೆ 2022ರಲ್ಲಿ, ಉಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾ, ಬೆಲಾರೂಸ್ ಆಟಗಾರರಿಗೆ ಪ್ರವೇಶ ಇರಲಿಲ್ಲ. ಆಗ ವಿಶ್ವದ ನಂಬರ್ ಒನ್ ಆಗಿದ್ದ ಮೆದ್ವೆದೆವ್ ಹೊರಗೆ. ರ‍್ಯಾಂಕಿಂಗ್ ಅಂಕಗಳನ್ನೇ ಕಿತ್ತುಹಾಕಿದರು, ಜೊಕೊವಿಚ್ ಗೆದ್ದರೂ ಒಂದು ಅಂಕ ಸಿಗಲಿಲ್ಲ. ಇವುಗಳಲ್ಲಿ ಯಾವುದು ಸರಿ ಯಾವುದು ತಪ್ಪು ಅನ್ನುವುದು ಬೇರೆ ಚರ್ಚೆ. ಬಹಿಷ್ಕಾರವಂತೂ ಆಟಗಾರರು ತಮ್ಮ ಹಕ್ಕಿಗೆ ಮಾಡಿದ್ದು, ನಾನು ಅವರ ಕಡೆ. ನಾನು ಹೇಳುತ್ತಿರುವುದು ಇಷ್ಟೇ: ಬಾಗಿಲಲ್ಲಿ ಯಾರನ್ನು ತಡೆದರು ಅನ್ನುವುದನ್ನು ಕೇಳದೆ ಒಳಗೆ ಯಾರು ಗೆದ್ದರು ಅನ್ನುವುದಕ್ಕೆ ಅರ್ಥವಿಲ್ಲ.

*

ಇದು ನಮಗೆ ಯಾಕೆ ಬೇಕು ಅಂತ ಈಗ ಹೇಳ್ತೀನಿ.

ಹವ್ಯಾಸಿ ನಿಯಮದ ಹಿಂದಿದ್ದ ನಂಬಿಕೆ ಒಂದೇ. ನಿಜವಾದ ಪ್ರೀತಿ ಇದ್ದವನು ದುಡ್ಡು ಕೇಳಲ್ಲ, ದುಡ್ಡು ಕೇಳಿದವನಿಗೆ ಪ್ರೀತಿ ಇಲ್ಲ. ಟೆನಿಸ್‌ನಲ್ಲಿ ಈ ನಂಬಿಕೆ 1968ರಲ್ಲಿ ಸತ್ತಿತು. ನಮ್ಮ ಆಫೀಸುಗಳಲ್ಲಿ ಗುಂಡುಕಲ್ಲಿನ ಹಾಗಿದೆ. ಹೆಸರು ಮಾತ್ರ ಬದಲಾಗಿದೆ; ಈಗ ಅದಕ್ಕೆ 'ಪ್ಯಾಶನ್' ಅಂತೀವಿ. ನಾನು ಓದು ಮುಗಿಸಿ ಬಂದಾಗ ಒಂದು ಕಂಪನಿಯವರು ಆರು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್ ಇದೆ, ಕಲಿಯಲು ಒಳ್ಳೆ ಅವಕಾಶ ಅಂದರು. ಸ್ಟೈಪೆಂಡ್ ಎಷ್ಟು ಅಂತ ಕೇಳಿದೆ. ಎದುರಿಗಿದ್ದವರ ಮುಖ ಸಣ್ಣಗಾಯಿತು. 'ಮೊದಲ ದಿನವೇ ದುಡ್ಡಿನ ಮಾತಾ?' ಅಂದರು. ಪಿಜಿ ಬಾಡಿಗೆ ಮನೆಯಿಂದ ಬರುವ ಹುಡುಗ ಅಲ್ಲಿ ಸೇರಿಕೊಂಡ. ನಾನು ಸಂಬಳ ಕೊಡುವ, ಆದರೆ ಕಲಿಯಲು ಏನೂ ಇಲ್ಲದ ಕೆಲಸಕ್ಕೆ ಹೋದೆ. ಇವತ್ತು ಇಬ್ಬರ ರೆಸ್ಯುಮೆಯನ್ನೂ ಪಕ್ಕಪಕ್ಕ ಇಟ್ಟರೆ ಅವನದು ಭಾರ. ಪಟ್ಟಿ ಹೇಳುವುದು ನಿಜವೇ. ಪಟ್ಟಿ ಹೇಳದೇ ಬಿಟ್ಟದ್ದು ಬಾಡಿಗೆ ಕಟ್ಟಿದವರು ಯಾರು ಅನ್ನುವುದನ್ನು.

ನಾನು ಗೊನ್ಸಾಲೆಸ್ ಅಲ್ಲ, ಗೊತ್ತು. ನನ್ನ ಜೊತೆಗೆ ಕೆಲಸ ಮಾಡುವವರಲ್ಲಿ ಹೀಗೆ ಬಾಗಿಲಿಂದ ಬಳಸಿಕೊಂಡು ಹೋದವರು ಎಷ್ಟೋ ಜನ ಇದ್ದಾರೆ ಅನ್ನುವುದೂ ಗೊತ್ತು. ಈಗ ಇಂಟರ್ವ್ಯೂ ಪ್ಯಾನೆಲ್‌ಗಳಲ್ಲಿ ಕೂರುವ ವಯಸ್ಸು ನಮ್ಮದು. ರೆಸ್ಯುಮೆಗಳ ರಾಶಿ ನಮ್ಮ ಮುಂದೆ ಬರುತ್ತದೆ. ದೊಡ್ಡ ಕಾಲೇಜು, ದೊಡ್ಡ ಇಂಟರ್ನ್‌ಶಿಪ್, ಸಂಬಳವಿಲ್ಲದೆ ಮಾಡಿದ ಓಪನ್ ಸೋರ್ಸ್ ಕೆಲಸ. ಸಾಲು ಸಾಲು ಚಿನ್ನದ ಅಕ್ಷರ. 'ನಂಬರ್ ಸುಳ್ಳು ಹೇಳಲ್ಲ' ಅನ್ನುವುದು ಎಷ್ಟು ಸುಲಭ ಅಲ್ವಾ? ಎರಡು ವರ್ಷ ರಾತ್ರಿ ಪಾಳಿಯ ಕಾಲ್ ಸೆಂಟರಿನಲ್ಲಿದ್ದು ಬಂದವನ ರೆಸ್ಯುಮೆಯಲ್ಲಿ ಆ ಎರಡು ವರ್ಷ 'ಗ್ಯಾಪ್' ಥರ ಕಾಣುತ್ತದೆ. ರೋಸ್‌ವಾಲ್‌ನ ಹನ್ನೊಂದು ವರ್ಷವೂ ಹಾಗೇ ಕಾಣುತ್ತದೆ. ಕೇಳಬೇಕು ಮಾರಾಯ್ರೆ, ಆ ಎರಡು ವರ್ಷ ಎಲ್ಲಿ ಆಡುತ್ತಿದ್ದೆ, ಯಾರ ಜೊತೆ ಆಡುತ್ತಿದ್ದೆ ಅಂತ. ಕ್ಯಾನ್ವಾಸ್ ಹಾಸಿದ ಹಲಗೆಯ ಮೇಲೆ ಎಂಥೆಂಥ ಆಟ ನಡೆದಿರುತ್ತದೆ.

ಆಲ್ ಇಂಗ್ಲೆಂಡ್ ಕ್ಲಬ್ಬಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಯಾರ ಹೆಸರನ್ನೂ ಅಳಿಸುವುದು ಬೇಡ. ಕೂಪರ್ ಗೆದ್ದದ್ದು ಗೆದ್ದದ್ದೇ, ಎಮರ್ಸನ್ ಗೆದ್ದದ್ದು ಗೆದ್ದದ್ದೇ. ಅವರು ಎದುರಿಗೆ ಬಂದವರನ್ನೆಲ್ಲ ಸೋಲಿಸಿದರು. 1967ರ ಕೆಳಗೆ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಇಲ್ಲಿಯವರೆಗೆ ಆಟದಿಂದ ಸಂಪಾದಿಸುವವರಿಗೆ ಪ್ರವೇಶ ಇರಲಿಲ್ಲ. ಅಷ್ಟೇ. ಪೆರ್ರಿಗೆ ಪ್ರತಿಮೆ ಮಾಡಿಸಲು ಹಿಡಿದಷ್ಟು ಕಂಚೂ ಇದಕ್ಕೆ ಬೇಕಾಗುವುದಿಲ್ಲ.

ಅವರು ಬರೆಯುತ್ತಾರೋ ಬಿಡುತ್ತಾರೋ, ನಮ್ಮ ಕೈಯಲ್ಲಿಲ್ಲ. ಮುಂದಿನ ಜುಲೈಗೆ ಯಾರಾದರೂ ಗ್ರೂಪಿಗೆ ಆ ಪಟ್ಟಿ ತಂದು ಹಾಕಿದಾಗ, ಕೆಳಗೆ ಆ ಒಂದು ಸಾಲನ್ನು ಟೈಪ್ ಮಾಡುವುದು ನಮ್ಮ ಕೈಯಲ್ಲಿದೆ. ಸೋಮವಾರ ಬೆಳಿಗ್ಗೆ ರೆಸ್ಯುಮೆಗಳ ರಾಶಿ ತೆರೆಯುವಾಗ ಅದನ್ನು ನೆನಪಿಟ್ಟುಕೊಳ್ಳುವುದೂ.